ಬೆಲ್ಲದ ಪಾಕ ಕೊಟ್ಟ ಮ್ಯಾಲ ಜೇನ ಪೆಟ್ಟಿಗಿ ಮುಂದ ಕಂದು ಕಲಿ ಬಿದ್ದಾವ, ಹುಳ ಹಾರವಲ್ವು, ಏನ್ ಮಾಡ್ಲಿ?

ಕುಷ್ಟಗಿ_ದಾಳಿಂಬ್ರಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಕುಷ್ಟಗಿ ತಾಲೂಕು, ಎರಡೂವರಿ ಎಕರೆ ದಾಳಿಂಬ್ರಿ ಐತಿ, ಬದುವಿನ ಮ್ಯಾಲ ಬೇವಿನ ಗಿಡದ ಬುಡಕ ಹನ್ನೊಂದು ಮೆಲ್ಲಿಫೆರಾ (ಯುರೋಪಿನ ಜೇನಹುಳ) ಪೆಟ್ಟಿಗಿ ಇಟ್ಟು ಈಗ ಎರಡನೇ ವರ್ಷ. ಹೋದ ವರ್ಷ ಏನೂ ತ್ರಾಸ ಆಗಿದ್ದಿಲ್ಲ. ಈ ವರ್ಷ ಬ್ಯಾಸಗ್ಯಾಗ ಬಾಜೂದವರ ಬೋರ್ ನೀರಿನ ಸೂರ್ಯಪಾನ ಮತ್ತ ಹಳ್ಳದ ದಂಡಿ ಬಳ್ಳಾರಿ ಜಾಲಿ ಎರಡೂ ಚಲೋ ಹೂವಾದ್ವು, ಜೇನು ಭರಪೂರ ಸಿಕ್ತು, ನಾನು ಜೂನ್ ಮೊದಲನೇ ವಾರ ಎಲ್ಲಾ ತೆಗದ್ಬಿಟ್ಟೆ, ಮ್ಯಾಲಿನ ಸೂಪರ್, ಅಂದ್ರ ಜೇನು ತುಂಬೋ ಕೋಣಿ, ಅದಷ್ಟ ಅಲ್ಲ, ಕೆಳಗ ಮರಿ ಇರೋ ಕೋಣಿ ಬಾಜೂ ಫ್ರೇಮಿನ ಜೇನೂ ತೆಗದೆ, ಮಳಿ ಬಂದ್ರ ಹೂವು ಬರ್ತಾವ, ತಾವ ತುಂಬಕೊಂತಾವ ಅಂತ ತಿಳದಿದ್ದೆ.

ಹೂವು ಬರಲಿಲ್ಲ. ನಮ್ದು ಹಸ್ತ ಬಹಾರ, ಅಂದ್ರ ಹಸ್ತ ಮಳಿ ಹೊತ್ತಿಗೆ ದಾಳಿಂಬ್ರಿ ಹೂವು ಬಿಡಿಸೋದು, ಗಿಡ ಈಗ ರೆಸ್ಟ್‌ನಾಗ ಅದಾವ. ಮುಂಗಾರು ತಡ ಆತು, ಹೆಸರು ಎಳ್ಳು ಏಳಲಿಲ್ಲ. ಜುಲೈ ಕೊನಿಗೆ ಪೆಟ್ಟಿಗಿ ಎತ್ತಿ ನೋಡಿದ್ರ ಖಾಲಿ ಡಬ್ಬಿ ಎತ್ತಿದಂಗ ಹಗುರ. ಏನರ ಕೊಡಬೇಕಲ್ಲ ಅಂತ, ಸಕ್ಕರಿ ಕೆಮಿಕಲ್ ಹಾಕಿ ಬೆಳ್ಳಗ ಮಾಡ್ತಾರ, ಬೆಲ್ಲ ಆದ್ರ ದೇಹಕ್ಕ ಚಲೋ ಅಂತ ಯಾರೋ ಹೇಳಿದ ಮಾತು ಕೇಳಿ ಮನ್ಯಾಗಿನ ಕಪ್ಪು ಬೆಲ್ಲ ಕರಗಿಸಿ ನೀರು ಮಾಡಿ ಎಲ್ಲಾ ಪೆಟ್ಟಿಗಿಗೂ ಇಟ್ಟೆ. ಚಲೋ ಕುಡದು ಫ್ರೇಮಿಗೆ ತುಂಬಕೊಂಡ್ವು. ಅದರ ಮ್ಯಾಲ ಆಚಿ ಹೊಲದವರು ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡೀತೀವಿ ಅಂದ್ರು, ಎರಡು ದಿನ ಬಾಗಿಲಕ್ಕ ಜಾಳಿಗಿ ಹಾಕಿ ಹುಳ ಒಳಗ ಇಟ್ಟೆ. ಜಾಳಿಗಿ ತೆಗದೆ ಅನ್ನೋದ್ರಾಗ ಆಶ್ಲೇಷ ಮಳಿ ಹಿಡೀತು. ಏಳು ದಿನ ಜಿಟಿಜಿಟಿ, ಮ್ಯಾಲ ಗಾಳಿ, ಸೂರ್ಯನ ಮುಖ ಕಂಡಿಲ್ಲ. ಒಟ್ಟು ಒಂಬತ್ತು ದಿನ ಹುಳ ಒಳಗ.

ನಿನ್ನೆ ಮುಂಜಾನೆ ಮಳಿ ಸ್ವಲ್ಪ ನಿಂತಾಗ ಹೋಗಿ ನೋಡಿದ್ರ ನಾಕು ಪೆಟ್ಟಿಗಿ ಬಾಗಿಲ ಮುಂದಿನ ಹಲಗಿ ಮ್ಯಾಲ ಅರಿಷಿಣ ನೀರು ಚಿಮುಕಿಸಿದಂಗ ಕಂದು ಹಳದಿ ಕಲಿ, ಒಂದೊಂದು ಸಾಸಿವಿಕಾಳಿನಷ್ಟು, ಕೆಲವು ಉದ್ದಕ ಎಳದಂಗ. ಮುಚ್ಚಳ ತೆಗದ್ರ ಫ್ರೇಮಿನ ತುದಿ ಮ್ಯಾಲೂ ಐತಿ. ಸೇಂದಿ ವಾಸನಿ ಬಂತು. ಹುಳ ಹುಲ್ಲಿನ್ಯಾಗ ಹರದಾಡ್ತಾವ, ಹಾರವಲ್ವು. ಒಂದು ಬೊಟ್ಟಿನ ಮ್ಯಾಲ ಹತ್ತಿಸ್ಕೊಂಡು ನೋಡಿದೆ, ಹೊಟ್ಟಿ ಬಿಗದು ಮಿಂಚಾಕ ಹತ್ತಿತ್ತು, ರೆಕ್ಕಿ ಬಿಚ್ಚಿ ಎರಡು ಸಲ ಬಡದು ಹಂಗ ಕೆಳಗ ಬಿತ್ತು. ನೋಡಿ ಮನಸಿಗೆ ಭಾಳ ಕೆಟ್ಟ ಆತ್ರಿ.

ಇದು ರೋಗ ಏನ್ರಿ, ಎಣ್ಣಿ ಬಡದಿದ್ದಾ, ಇಲ್ಲಾ ಬೆಲ್ಲದ್ದ? ಈಗ ಏನ್ ಕೊಡ್ಲಿ? ಗೊತ್ತಿದ್ದವರು ದಯಮಾಡಿ ಹೇಳ್ರಿ.

ಎಡದಂಡಿ_ಸಿಂಧನೂರು

ತಮ್ಮಾ, ಮೊದಲ ಆ ಬೆಲ್ಲದ ನೀರು ಈಗಿಂದೀಗ ತೆಗದು ಚೆಲ್ಲು, ಪೆಟ್ಟಿಗಿ ಹತ್ರ ಚೆಲ್ಲಬ್ಯಾಡ, ದೂರ ಚೆಲ್ಲಿ ಮಣ್ಣು ಮುಚ್ಚು, ಇಲ್ಲಾಂದ್ರ ಒಂದು ಪೆಟ್ಟಿಗಿ ಹುಳ ಇನ್ನೊಂದರ ಕಳವಿಗೆ ಬೀಳ್ತಾವ. ನಾ ಹದಿನೈದು ವರ್ಷದಿಂದ ಪೆಟ್ಟಿಗಿ ಇಟ್ಟೀನಿ, ಬೆಲ್ಲ ಕೊಟ್ಟು ಕೆಟ್ಟವರನ್ನ ಮೂರು ನಾಕು ಮಂದಿ ನೋಡೀನಿ. ಹುಳ ಆರಾಮ ಹಾರಾಡೋ ದಿನ ಬೆಲ್ಲ ಕೊಟ್ರ ಅಷ್ಟು ಗೊತ್ತಾಗಂಗಿಲ್ಲ, ಹೊರಗ ಹೋಗಿ ಹೊಟ್ಟಿ ಖಾಲಿ ಮಾಡ್ಕೊಂಡು ಬರ್ತಾವ. ಒಳಗ ಕೂಡಿ ಹಾಕಿದಾಗ ಕೊಟ್ರ ಹಿಂಗ ಆಗ್ತೈತಿ.

ಜೇನ ಹುಳದ್ದು ಒಂದು ನೇಮ ಐತಿ, ತನ್ನ ಮನ್ಯಾಗ ಅದು ಹೊಲಸು ಮಾಡಂಗಿಲ್ಲ. ಎಷ್ಟ ದಿನ ಆದ್ರೂ ತಡಕೊಂತೈತಿ. ಮನ್ಯಾಗ ಬಿಟ್ಟೈತಿ ಅಂದ್ರ ಅದರ ಕೈಲೆ ಇನ್ನ ಆಗಂಗಿಲ್ಲ ಅಂತ ಅರ್ಥ.

ಇನ್ನೊಂದು ಮಾತು, ಸಿಟ್ಟಿಗೇಳಬ್ಯಾಡ. ಮರಿ ಕೋಣಿ ಜೇನಿಗೆ ಕೈ ಹಾಕಿದ್ದು ತಪ್ಪು. ಅದು ಅವುಗಳ ಹಗೇವು. ನಮ್ಮ ಹಿರ್ಯಾರು ಬರಗಾಲಕ್ಕಂತ ಹಗೇವಿನ್ಯಾಗ ಜ್ವಾಳ ಇಡ್ತಿದ್ದಿಲ್ಲೇನು, ಹಂಗ. ನಮ್ಮ ಕಡೆ ಚಳಿ ಅಂತ ಹುಳ ಒಳಗ ಕೂಡಂಗಿಲ್ಲ, ಡಿಸೆಂಬರ್‌ನಾಗ ತೊಗರಿ ಕುಸುಬಿ ಸೂರ್ಯಪಾನ ಅಂತ ಅವಕ್ಕ ಹಬ್ಬ. ನಮ್ಮ ಹುಳಕ್ಕ ಸೆರಿ ಅಂದ್ರ ಎರಡ, ಒಂದು ಮೇ ತಿಂಗಳ ಬಿಸಲು, ಒಂದು ಹಿಡಕೊಂಡ ಮಳಿ. ಆರು ವರ್ಷದ ಹಿಂದ ನಾನೂ ಏಪ್ರಿಲ್‌ನಾಗ ಎಲ್ಲಾ ಹಿಂಡಿ ತೆಗದಿದ್ದೆ. ಆ ಮೇ ತಿಂಗಳ 43 ಡಿಗ್ರಿ ಮುಟ್ಟಿತು, ಹತ್ತು ಹನ್ನೊಂದಕ್ಕ ಹೂವಿಗೆ ಹೋಗೋದು ಬಂದ್, ಇದ್ದ ಹುಳ ಎಲ್ಲಾ ಕಾಲುವಿ ನೀರು ಹೊತ್ತು ತಂದು ಒಳಗ ಸಿಂಪಡಿಸಿ ರೆಕ್ಕಿ ಬೀಸೋದ ಕೆಲಸ. ಅದಕ್ಕೂ ಶಕ್ತಿ ಬೇಕಲ್ಲ, ಜೇನು ಎಲ್ಲೈತಿ? ಹದಿನೆಂಟು ಪೆಟ್ಟಿಗ್ಯಾಗ ಏಳು ಉಳದ್ವು. ಸತ್ತವನ್ನ ಬಿಚ್ಚಿ ನೋಡಿದ್ರ ತಲಿ ಮೇಣದ ಹುಟ್ಟಿನ ಕಣ್ಣಿನೊಳಗ, ಅಂದ್ರ ಜೇನು ತುಂಬೋ ಸಣ್ಣ ಗೂಡಿನ್ಯಾಗ, ತುರುಕಿ, ಹಿಂದಿನ ತುದಿ ಅಷ್ಟ ಹೊರಗ ಕಾಣೋ ಹಂಗ ಸಾಲಾಗಿ ಸತ್ತಿದ್ವು. ಖಾಲಿ ಕಣ್ಣನ್ನ ಕೊನೀ ತನಕ ನೆಕ್ಕಿ ನೋಡಿ ಸತ್ತಾವ. ಅದನ್ನ ನೋಡಿದ ಮ್ಯಾಲ ನಾ ಹತ್ತು ಫ್ರೇಮಿನ ಪೆಟ್ಟಿಗಿಗೆ ಮೂರು ಫ್ರೇಮ್ ಸೀಲ್ ಜೇನು (ಹುಳ ಮೇಣ ಮುಚ್ಚಿದ್ದು) ಬಿಟ್ಟ ಕೈ ಹಾಕೋದು. ಒಂದು ತುಂಬಿದ ಫ್ರೇಮ್ ಎರಡೂವರಿ ಕೇಜಿ ಹಿಡೀತೈತಿ, ಅಂದ್ರ ಏಳೆಂಟು ಕೇಜಿ.

ಕೀಟಶಾಸ್ತ್ರ_ರಾಯಚೂರು

ನಾನು ರಾಯಚೂರಲ್ಲಿ ಕೃಷಿ ಕೀಟಶಾಸ್ತ್ರ ಎಂಎಸ್ಸಿ ಮಾಡ್ತಾ ಇದೀನಿ, ಊರು ಮಾನ್ವಿ. ಸಿಂಧನೂರು ಅಣ್ಣಾರು ಹೇಳಿದ್ದು ಸರಿ ಐತಿ, ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಜೇನುಹುಳದ ಕರುಳಿನ ಕೊನೆಗೆ ಒಂದು ಚೀಲ ಇರ್ತದ, ಜೀರ್ಣ ಆಗದೆ ಉಳಿದದ್ದೆಲ್ಲಾ ಅಲ್ಲಿ ಸೇರ್ತದ, ಅದು ಉಬ್ಬುತ್ತಾ ಹೋಗ್ತದ, ತುಂಬಿದಾಗ ಹೊಟ್ಟೆ ಬಹುಪಾಲು ಅದೇ ಆಗಿಬಿಡ್ತದ. ನಿಮ್ಮ ಬೊಟ್ಟಿನ ಮೇಲೆ ಮಿಂಚಿದ್ದು ಅದೇ. ಎಷ್ಟು ಬೇಗ ತುಂಬ್ತದ ಅನ್ನೋದು ತಿಂದ ಆಹಾರದ ಮೇಲೆ ನಿಂತದ. ಬಿಳಿ ಸಕ್ಕರೆ ಅಂದ್ರೆ ಬರೀ ಸುಕ್ರೋಸ್, ಅದನ್ನ ಹುಳ ಪೂರ್ತಿ ಒಡೆದು ಬಳಸ್ಕೊಂತದ, ಕಸ ಉಳಿಯೋದು ಇಲ್ಲ ಅನ್ನೋವಷ್ಟು ಕಡಿಮೆ, ಹಂಗಾಗಿ ಈಗ ಕೊಡೋದಾದ್ರೆ ಅದರ ಪಾಕವೇ ಕೊಡ್ರಿ. ಹೂವಿನ ಜೇನಲ್ಲಿ ಖನಿಜ, ಅಂದ್ರೆ ಸುಟ್ಟರೆ ಉಳಿಯೋ ಬೂದಿ, ಸಾಮಾನ್ಯವಾಗಿ ನೂರಕ್ಕೆ ಅರ್ಧ ಭಾಗವೂ ಇರಲ್ಲ. ಬೆಲ್ಲದಲ್ಲಿ ಖನಿಜ ಐತಿ, ಕಾಕಂಬಿ ಅಂಶ ಐತಿ, ಕಪ್ಪು ಬೆಲ್ಲ ಇದ್ದಷ್ಟೂ ಜಾಸ್ತಿ. ನಮಗೆ ಕಬ್ಬಿಣ ಸಿಗ್ತದ ಅಂತ ಯಾವುದನ್ನ ಚಲೋ ಅಂತೀವೋ ಅದೇ ಹಾರಾಕ ಆಗದೆ ಕುಂತ ಹುಳಕ್ಕೆ ಹೊಟ್ಟೆಯೊಳಗಿನ ಹೊರೆ. ಪರಾಗದ ಸಿಪ್ಪೆನೂ ಅದೇ ಚೀಲಕ್ಕೆ ಸೇರ್ತದ, ಆದ್ರೆ ಅದು ಮರಿಗಳ ಸಲುವಾಗಿ ಬೇಕೇ ಬೇಕು.

ಸೇಂದಿ ವಾಸನೆ ಅಂದ್ರಲ್ಲ, ಅದು ಎರಡನೇ ಪೆಟ್ಟು. ನೀವು ತೆಳುವಾದ ನೀರು ಕೊಟ್ಟೀರಿ, ಮಳೆಗಾಲದ ಹಸಿ ಗಾಳಿಯಲ್ಲಿ ಹುಳ ಅದನ್ನ ಒಣಗಿಸಿ ಗಟ್ಟಿ ಮಾಡೋಕೆ ಆಗಿಲ್ಲ, ಸೀಲ್ ಆಗದ ಕಣ್ಣಲ್ಲಿ ಅದು ಹುಳಿ ಬಂದದ. ಸೀಲ್ ಆದ ಜೇನಲ್ಲಿ ನೀರಿನ ಅಂಶ ಸುಮಾರು 18 ಪರ್ಸೆಂಟ್, 20 ದಾಟಿದ್ರೆ ಹುಳಿ ಬರೋ ಭಯ ಸುರು. ಹುಳಿ ಬಂದದ್ದು ತಿಂದ ಹುಳಕ್ಕೆ ಭೇದಿ ಆಗ್ತದ.

ಇನ್ನು ಎಣ್ಣೆ ಬಡಿದದ್ದಾ ಅಂತ ಕೇಳಿದ್ರಿ. ವಿಷ ತಗುಲಿದ್ರೆ ಪೆಟ್ಟಿಗೆ ಮುಂದೆ ಒಂದೇ ದಿನ ಗುಂಪಾಗಿ ಸತ್ತು ಬಿದ್ದಿರ್ತಾವೆ, ಬಹಳಷ್ಟು ನಾಲಿಗೆ ಚಾಚಿಕೊಂಡು, ಬದುಕಿದ್ದವು ನಡುಗ್ತಾ ಗಿರಗಿರ ತಿರುಗ್ತಿರ್ತಾವೆ. ನೀವು ಹೇಳೋದು ಹಂಗೆ ಕಾಣ್ತಾ ಇಲ್ಲ.

ಆದ್ರೆ ನೋಸೆಮಾ, ಅಂದ್ರೆ ಹುಳದ ಕರುಳಿಗೆ ಬರೋ ಒಂದು ರೋಗ, ಇದೆಯೋ ಇಲ್ಲೋ ನೋಡಲೇಬೇಕು. ಭೇದಿ ಬೇರೆ, ನೋಸೆಮಾ ಬೇರೆ, ಆದ್ರೆ ನೋಸೆಮಾ ಇದ್ದ ಪೆಟ್ಟಿಗೆಯಲ್ಲಿ ಭೇದಿ ಆದ್ರೆ ಒಂದು ಹುಳ ಬಿಟ್ಟದ್ದನ್ನ ಮನೆ ಚೊಕ್ಕ ಮಾಡೋ ಎಳೇ ಹುಳ ಬಾಯಿಂದ ತೆಗೀತಾವೆ, ಬೀಜಾಣು ಅವಕ್ಕೂ ಹೋಗ್ತದ, ಹಂಗೇ ಇಡೀ ಪೆಟ್ಟಿಗೆಗೆ ಹಬ್ತದ. ಮನೆಯಲ್ಲೇ ಒಂದು ನೋಡೋ ಕ್ರಮ ಇದೆ. ಈಗಷ್ಟೇ ಸತ್ತ ಹುಳ ತಗೊಳ್ರಿ, ತಲೆ ತೆಗೀರಿ, ಎದೆ ಭಾಗ ಎಡಗೈಲಿ ಹಿಡಿದು ಮುಳ್ಳು ಇರೋ ತುದಿಯನ್ನ ಉಗುರಲ್ಲೋ ಚಿಮಟದಲ್ಲೋ ಹಿಡಿದು ಮೆಲ್ಲಗೆ ಎಳೀರಿ. ಕರುಳು ದಾರದ ಹಂಗೆ ಉದ್ದಕ್ಕೆ ಬರ್ತದ. ನಡುವಿನ ದಪ್ಪ ಭಾಗ ಚಹಾದ ಬಣ್ಣ ಇದ್ದು ಉಂಗುರ ಉಂಗುರ ಕಂಡ್ರೆ ಆರೋಗ್ಯ. ಅದು ಉಬ್ಬಿ ಹಾಲಿನ ಹಂಗೆ ಬೆಳ್ಳಗಾಗಿ ಉಂಗುರ ಅಳಿಸಿದ್ರೆ ನೋಸೆಮಾ ಅಂತ ಅನುಮಾನ. ನೋಸೆಮಾ ಸೆರಾನೇ ಅನ್ನೋ ಇನ್ನೊಂದು ಜಾತಿ ಐತಿ, 1996ರಲ್ಲಿ ನಮ್ಮ ಏಷ್ಯಾದ ತುಡುವೆ ಹುಳದಲ್ಲೇ ಮೊದಲು ಗುರುತಿಸಿದ್ದು, ಅದಕ್ಕೆ ಹಿಂಗೆ ಕಲೆ ಬೀಳಲೇಬೇಕು ಅಂತಿಲ್ಲ, ಹಂಗಾಗಿ ಹತ್ತಿರದ ಕೃಷಿ ಕಾಲೇಜಿಗೋ ಕೆವಿಕೆಗೋ (ಕೃಷಿ ವಿಜ್ಞಾನ ಕೇಂದ್ರ) ಒಂದಿಪ್ಪತ್ತು ಹುಳ ಒಯ್ದು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿಸಿದ್ರೆ ಬೀಜಾಣು ಕಾಣ್ತದ. ಗಂಗಾವತಿ ಕೆವಿಕೆ ನಿಮಗೆ ಭಾಳ ದೂರ ಆಗಲ್ಲ. ನೀವೇ ಯಾವ ಆಂಟಿಬಯೋಟಿಕ್ಕೂ ತಂದು ಪಾಕಕ್ಕೆ ಹಾಕಬೇಡ್ರಿ, ದಯವಿಟ್ಟು.

ಸಾವಯವ_ಬಳ್ಳಾರಿ

ಎಲ್ರೂ ಸಕ್ಕರೆ ಸಕ್ಕರೆ ಅಂತೀರ, ನಂಗೆ ಒಪ್ಪಿಗೆ ಆಗ್ತಿಲ್ಲ. ಜೇನು ಕಿತ್ಕೊಂಡು ಸಕ್ಕರೆ ಕೊಡೋದು ಮಗು ಬಾಯಿಂದ ಹಾಲು ಕಿತ್ಕೊಂಡು ಶರಬತ್ತು ಕೊಟ್ಟಂಗೆ. ಜೇನಿನಾಗೆ ಇರೋದು ಬರೀ ಸಿಹಿ ಅಲ್ಲ, ಅದು ಔಷಧಿ. ಬೆಲ್ಲದಿಂದ ಹಿಂಗಾತು ಅಂದ್ರೆ ಸಕ್ಕರೆ ಒಳ್ಳೇದು ಅಂತ ಆಗಲ್ಲ, ಅವುಕ್ಕೆ ಜೇನೇ ಬಿಡ್ರಿ.

ಕೀಟಶಾಸ್ತ್ರ_ರಾಯಚೂರು

ನಿಮ್ಮ ಮಾತಿನ ಅರ್ಧಕ್ಕಿಂತ ಹೆಚ್ಚು ಒಪ್ತೀನಿ ಸರ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು ಇದನ್ನೇ, ಪರಾಗದಿಂದ ಜೇನಿಗೆ ಬರೋ ಪಿ-ಕೂಮಾರಿಕ್ ಆಮ್ಲ ಅನ್ನೋದು ಹುಳದ ಮೈಯಲ್ಲಿ ವಿಷ ಕರಗಿಸೋ ಜೀನುಗಳನ್ನ ಎಬ್ಬಿಸ್ತದ, ಬರೀ ಸಕ್ಕರೆ ತಿಂದ ಹುಳದಲ್ಲಿ ಆ ಕೆಲಸ ಮಂದ. ಎಣ್ಣೆ ಹೊಡೆಯೋ ನಮ್ಮ ಹತ್ತಿ ಮೆಣಸಿನಕಾಯಿ ಸೀಮೆಗೆ ಅದು ಸಣ್ಣ ಮಾತಲ್ಲ. ಅದಕ್ಕೇ ಜೇನು ಬಿಡೋದೇ ಮೊದಲ ದಾರಿ, ಸಕ್ಕರೆ ಆಪತ್ತಿಗೆ. ಆದ್ರೆ ಎಲ್ಲಾ ಜೇನೂ ಸೆರೆಯ ಕಾಲಕ್ಕೆ ಒಂದೇ ಅಲ್ಲ. ಯುರೋಪಿನ ಕಾಡಲ್ಲಿ ಪೈನ್ ಸ್ಪ್ರೂಸ್ ಮರದ ಹೇನು ಬಿಡೋ ಸಿಹಿ ಅಂಟು ನೀರಿಂದ ಹುಳ ಮಾಡೋ ಕಪ್ಪು ಜೇನನ್ನ ಜನ ಇಷ್ಟಪಟ್ಟು ತಿಂತಾರೆ, ಆದ್ರೆ ಚಳಿಗಾಲಕ್ಕೆ ಅದನ್ನ ಪೆಟ್ಟಿಗೆಯಲ್ಲಿ ಬಿಡಲ್ಲ, ಖನಿಜ ಜಾಸ್ತಿ, ಮೆಲೆಜಿಟೋಸ್ ಅನ್ನೋ ಸಕ್ಕರೆ ಕಣ್ಣಲ್ಲೇ ಸಿಮೆಂಟ್ ಹಂಗೆ ಗಟ್ಟಿ ಆಗ್ತದ. ನಮ್ಮಲ್ಲೂ ಜೋಳಕ್ಕೆ ಹತ್ತಿಗೆ ಹೇನು ಬಿದ್ದಾಗ ಎಲೆ ಮೇಲೆ ಸಿಹಿ ಅಂಟು ನಿಲ್ತದ, ಹೂವು ಇಲ್ಲದ ದಿನ ಹುಳ ಅದನ್ನೂ ನೆಕ್ಕಿ ತರ್ತಾವೆ, ಕಪ್ಪಗೆ ಕಂಡ ಜೇನು ಇದ್ರೆ ಅದನ್ನ ನಾವು ತಗೊಂಡು ತಿಳಿ ಜೇನು ಅವಕ್ಕೆ ಬಿಡೋದು ಉತ್ತಮ.

ಮತ್ತೆ ಅಂಗಡಿ ಜೇನು ತಂದು ಯಾರೂ ಹುಳಕ್ಕೆ ಕೊಡಬೇಡ್ರಿ. ಮರಿ ಕೊಳೆಯೋ ಫೌಲ್‌ಬ್ರೂಡ್ ರೋಗದ ಬೀಜಾಣು ಜೇನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರ್ತದ.

ಸಿರುಗುಪ್ಪ_ಟು_ಮ್ಯಾನಿಟೋಬಾ

ನಮ್ಮೂರ ಕಡೆ ಮಾತು ನೋಡಿ ಖುಷಿ ಆತು. ನಾನು ಸಿರುಗುಪ್ಪದವನು, ಐದು ವರ್ಷ ಆತು ಕೆನಡಾದ ಮ್ಯಾನಿಟೋಬಾದಾಗೆ ಒಂದು ಜೇನು ಫಾರ್ಮಿನಾಗೆ ಕೆಲಸ ಮಾಡ್ತೀನಿ. ಇಲ್ಲಿ ಹುಳ ಒಳಗೆ ಕೂತ್ರೆ ಒಂಬತ್ತು ದಿನ ಅಲ್ಲ, ನವೆಂಬರಿಂದ ಮಾರ್ಚ್ ಕೊನೆ ಏಪ್ರಿಲ್ ತನಕ ಐದು ತಿಂಗಳು. ಹೊರಗೆ ಮೈನಸ್ 30. ಹಂಗಾಗಿ ಹುಳದ ಹೊಟ್ಟೆ ವಿಷಯ ಇಲ್ಲಿಯವ್ರಿಗೆ ಪ್ರಾಣದ ವಿಷಯ.

ಹುಳ ನಿದ್ದೆ ಮಾಡ್ತಾವೆ ಅಂತ ನಾನು ಮೊದ್ಲು ತಿಳ್ಕೊಂಡಿದ್ದೆ, ಇಲ್ಲ. ರಾಣಿನ ನಡುವೆ ಇಟ್ಕೊಂಡು ಚೆಂಡಿನಂಗೆ ಒಂದರ ಮೇಲೊಂದು ಒತ್ತಿ ಕೂತಿರ್ತಾವೆ, ರೆಕ್ಕೆ ಅಲ್ಲಾಡಿಸದಂಗೆ ರೆಕ್ಕೆಯ ಸ್ನಾಯು ಮಾತ್ರ ನಡುಗಿಸಿ ಬಿಸಿ ಮಾಡ್ತಾವೆ. ಆ ಬಿಸಿಗೆ ಸೌದೆನೇ ಜೇನು. ನಮ್ಮ ಫಾರ್ಮಿನಾಗೆ ಪೆಟ್ಟಿಗೆನೆಲ್ಲಾ ಒಂದು ದೊಡ್ಡ ಕತ್ತಲೆ ಗೋದಾಮಿನಾಗೆ ಇಡ್ತಾರೆ, ಒಳಗೆ 4-5 ಡಿಗ್ರಿ ಕಾಯ್ದು ಗಾಳಿ ಆಡೋಂಗೆ ಫ್ಯಾನ್ ಇಟ್ಟಿರ್ತಾರೆ, ತೀರ ಬೆಚ್ಚಗಾದ್ರೆ ಹುಳ ಎದ್ದು ಓಡಾಡಿ ಜಾಸ್ತಿ ತಿಂತಾವೆ, ತಿಂದಷ್ಟೂ ಹೊಟ್ಟೆ ತುಂಬ್ತೈತೆ, ಹೊರಗೆ ಹೋಗೋಂಗಿಲ್ಲ. ಬಾಗಿಲಾಗೆ ನಿಂತ್ರೆ ಕತ್ತಲೆನಾಗೆ ಸಾವಿರಾರು ಪೆಟ್ಟಿಗೆಯ ಒಂದೇ ಗುಂಯ್ ಅನ್ನೋ ಶಬ್ದ ಎದೆಗೆ ಬಂದು ಬಡಿತೈತೆ.

ಇಲ್ಲಿ ಸೆಪ್ಟೆಂಬರ್‌ನಾಗೆ ಎರಡು ಭಾಗ ಬಿಳಿ ಸಕ್ಕರೆಗೆ ಒಂದು ಭಾಗ ನೀರು ಹಾಕಿ ಗಟ್ಟಿ ಪಾಕ ಕೊಡ್ತಾರೆ, ಹುಳಕ್ಕೆ ಒಣಗಿಸೋ ಕೆಲಸ ಕಮ್ಮಿ ಆಗ್ಲಿ, ಚಳಿ ಬೀಳೋದ್ರೊಳಗೆ ಸೀಲ್ ಮಾಡ್ಕೊಳ್ಳಿ ಅಂತ. ಕಂದು ಸಕ್ಕರೆ, ಕಾಕಂಬಿ ಯಾರೂ ಮುಟ್ಟಲ್ಲ. ಇಲ್ಲಿ ಎಲ್ಲಾ ಕಡೆ ಕೆನೋಲಾ, ನಮ್ಮ ಸಾಸಿವೆ ಜಾತಿದು, ಅದರ ಜೇನು ವಾರದಾಗೆ ಹರಳು ಕಟ್ಟಿ ತುಪ್ಪದಂಗೆ ಗಟ್ಟಿ ಆಗ್ತೈತೆ, ಅದನ್ನ ತಿನ್ನೋಕೆ ಹುಳಕ್ಕೆ ನೀರು ಬೇಕು, ಚಳಿಗಾಲದಾಗೆ ನೀರು ತರೋಕೆ ಹೋಗೋಂಗಿಲ್ಲ. ಹತ್ತಿ ಜೇನೂ ಹಂಗೇ ಬೇಗ ಹರಳು ಕಟ್ತೈತೆ, ನಮ್ಮ ಸಿರುಗುಪ್ಪ ರಾಯಚೂರು ಕಡೆಯವ್ರು ಎಣ್ಣೆಗೆ ಅಂತ ಬಾಗಿಲು ಹಾಕಿದಾಗ ಒಳಗೆ ಸ್ವಲ್ಪ ನೀರು ಇಡೋದು ಮರೀಬೇಡ್ರಿ.

ಮೊದಲ ವರ್ಷ ಏಪ್ರಿಲ್‌ನಾಗೆ ಒಂದು ಸತ್ತ ಪೆಟ್ಟಿಗೆ ತೆಗೆದೆ, ಹೊರಗೆ ಬಯಲಾಗೆ ಇಟ್ಟಿದ್ದು. ಸಿಂಧನೂರು ಅಣ್ಣ ಹೇಳ್ದಂಗೇ ಹುಳ ಕಣ್ಣಿನೊಳಗೆ ತಲೆ ಇಟ್ಟು ಸತ್ತಿದ್ವು. ಆದ್ರೆ ಎರಡು ಫ್ರೇಮ್ ಆಚೆಗೆ ಸೀಲ್ ಜೇನು ಹಂಗೇ ಐತೆ! ಒಂದು ಗೇಣು ದೂರ. ಚಳಿಗೆ ಗುಂಪು ಬಿಟ್ಟು ಆ ಒಂದು ಗೇಣು ದಾಟೋಕೆ ಆಗಿಲ್ಲ. ಅವತ್ತಿಂದ ನಾನು ಜೇನು ಎಷ್ಟೈತೆ ಅನ್ನೋದರ ಜೊತೆಗೆ ಎಲ್ಲೈತೆ ಅಂತನೂ ನೋಡ್ತೀನಿ. ನಿಮ್ಮಲ್ಲಿ ಆ ಚಳಿ ಇಲ್ಲ, ಆದ್ರೂ ಹುಳ ಕಮ್ಮಿ ಆದ ಪೆಟ್ಟಿಗೆನಾಗೆ ಖಾಲಿ ಫ್ರೇಮ್ ತೆಗೆದು ಜೇನಿನ ಫ್ರೇಮ್ ಮರಿ ಪಕ್ಕಕ್ಕೆ ಸರಿಸ್ರಿ.

ಏಪ್ರಿಲ್‌ನಾಗೆ 10-12 ಡಿಗ್ರಿ ದಾಟಿದ ಮೊದಲ ಬಿಸಿಲಿಗೆ ಹುಳ ಎಲ್ಲಾ ಒಟ್ಟಿಗೆ ಹೊರಗೆ ಬಂದು ಹಿಮದ ಮೇಲೆಲ್ಲಾ ಹಳದಿ ಚುಕ್ಕೆ ಹಾಕ್ತಾವೆ, ಅದನ್ನ ನೋಡಿದ್ರೆ ಇಲ್ಲಿ ಮಾಲೀಕರ ಮುಖ ಅರಳ್ತೈತೆ. ನಿಮ್ಮ ಹುಳಕ್ಕೂ ಈಗ ಬೇಕಾಗಿರೋದು ಎರಡು ತಾಸು ಬಿಸಿಲು, ಅಷ್ಟೇ.

ಗಂಗಾವತಿ_ತುಡುವಿ

ಅಣ್ಣಾರ, ನಂದೂ ಒಂದು ಕೇಳೋದೈತಿ. ನಮ್ಮ ಸ್ವಸಹಾಯ ಸಂಘದಾಗ ನಾಕು ತುಡುವಿ ಪೆಟ್ಟಿಗಿ ಅದಾವ, ನನ್ನ ಮನಿ ಹಿತ್ತಲದಾಗ ನುಗ್ಗಿಗಿಡದ ಕೆಳಗ ಇಟ್ಟೀವಿ. ಮಳ್ಯಾಗ ಮುಚ್ಚಳ ತೆಗೀಬ್ಯಾಡ್ರಿ ಅಂತ ಟ್ರೇನಿಂಗ್‌ನಾಗ ಹೇಳ್ಯಾರ, ತೆಗೀದ ಒಳಗ ಜೇನು ಐತೋ ಇಲ್ಲೋ ಹೆಂಗ ತಿಳಕೊಳ್ಳೋದು? ಹೋದ ಸಲ ಹಸ್ದು ಒಂದು ಪೆಟ್ಟಿಗಿ ಪೂರಾ ಹಾರಿ ಹೋತು, ಮುಂಜಾನೆ ಚಹಾ ಮಾಡಾಕ ಎದ್ದಾಗ ಇದ್ವು, ಹತ್ತಕ್ಕ ಇಲ್ಲ. ಅದಕ್ಕ ಹೆದರಿ ಮೊನ್ನೆ ಅಂಗಡಿಂದ ಸಕ್ಕರಿ ಪುಡಿ ಪಾಕೀಟ್ ತಂದು ಜೇನಿನ್ಯಾಗ ಕಲಸಿ ಉಂಡಿ ಮಾಡಿ ಇಡಬೇಕಂತ ಮಾಡೀನಿ, ಇಡಬೋದಾ?

ಎಡದಂಡಿ_ಸಿಂಧನೂರು

ತಂಗೀ, ತುಡುವಿ ಸ್ವಭಾವನ ಅದು, ಮೆಲ್ಲಿಫೆರಾ ಹಸ್ದು ಕುಂತಲ್ಲೇ ಸಾಯ್ತೈತಿ, ತುಡುವಿ ಮನಿ ಬಿಟ್ಟು ಹೋಗ್ತೈತಿ. ಪೆಟ್ಟಿಗಿ ಹಿಂದ ನಿಂತು ಒಂದ ಕೈಲೆ ಹಿಂದಿನ ಅಂಚು ಎರಡು ಬೊಟ್ಟು ಎತ್ತಿ ನೋಡು, ಖಾಲಿ ಪೆಟ್ಟಿಗಿ ಒಂದು ಬಾಜೂ ಇಟ್ಕೊಂಡು ಅದನ್ನೂ ಎತ್ತಿ ನೋಡು. ನಾಕು ದಿನಕ್ಕೊಮ್ಮಿ ಮಾಡಿದ್ರ ಕೈಗೆ ತೂಕ ತಿಳೀತೈತಿ, ತುಂಬಿದ ಕೊಡ ಅರ್ಧ ಕೊಡ ನೀ ನೋಡದ ಹೇಳಂಗಿಲ್ಲೇನು, ಹಂಗ. ನಾ ಮುಚ್ಚಳ ತೆಗಿಯೋದ ಕಡಿಮಿ, ಎತ್ತಿ ನೋಡೋದ ಜಾಸ್ತಿ.

ಪಾಕೀಟಿನ ಸಕ್ಕರಿ ಪುಡಿ ಬ್ಯಾಡ. ಗಂಟು ಆಗಬಾರದಂತ ಅದರಾಗ ಮೆಕ್ಕಿಜ್ವಾಳದ ಹಿಟ್ಟು ಕೂಡಿಸಿರ್ತಾರ, ಹಿಟ್ಟು ಹುಳಕ್ಕ ಅರಗಂಗಿಲ್ಲ, ಮತ್ತ ಅದ ಭೇದಿ. ಮನಿ ಮಿಕ್ಸ್ಯಾಗ ಸಕ್ಕರಿ ಬೀಸಿಕೋ, ನಿಮ್ಮ ಪೆಟ್ಟಿಗಿದ ಜೇನು ಇದ್ರ ಅದರಾಗ ಚಪಾತಿ ಹಿಟ್ಟಿನಂಗ ಗಟ್ಟಿ ಕಲಸು, ಕೈ ಬಿಟ್ರ ಹರೀಬಾರ್ದು, ತೆಳ್ಳಗ ತಟ್ಟಿ ಫ್ರೇಮಿನ ತಲಿ ಮ್ಯಾಲ ಇಡು. ಸಂಜೀಕ ಇಡು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲ ಇಡದಿದ್ರ ಇರಬಿ ಬರ್ತಾವ.

ಕುಷ್ಟಗಿ_ದಾಳಿಂಬ್ರಿ

ಎಲ್ಲಾರಿಗೂ ಕೈಮುಗದು ಹೇಳ್ತೀನ್ರಿ, ಭಾಳ ಉಪಕಾರ ಆತು. ಬೆಲ್ಲದ ನೀರು ಚೆಲ್ಲೀನಿ. ಹುಳಿ ವಾಸನಿ ಬರೋ ಸೀಲ್ ಆಗದ ಫ್ರೇಮ್ ಎಲ್ಲಾ ತೆಗದೀನಿ, ಒಟ್ಟು ಹದಿನಾಕು. ಹತ್ತು ಹುಳದ ಕರುಳು ಎಳದು ನೋಡಿದೆ, ನಮ್ಮ ಮಗಳು ಒಂಬತ್ತನೇ ಕ್ಲಾಸು, ಆಕಿ ಬಿಳಿ ಹಾಳಿ ಮ್ಯಾಲ ಸಾಲಾಗಿ ಇಟ್ಟು ನಂಬರ್ ಬರದ್ಲು. ಎಂಟಕ್ಕ ಚಹಾ ಬಣ್ಣ, ಉಂಗುರ ಚಂದಗ ಕಾಣ್ತಾವ, ಹಿಂದಿನ ಚೀಲ ಮಾತ್ರ ಕಂದು ನೀರು ತುಂಬಿ ಮುಟ್ಟಿದ್ರ ಒಡೀತಿತ್ತು. ಎರಡು ಬೆಳ್ಳಗ ಇದ್ದಂಗ ಅನಿಸ್ತು, ಎರಡೂ ನಾಕನೇ ನಂಬರ್ ಪೆಟ್ಟಿಗಿವು. ಆ ಪೆಟ್ಟಿಗಿ ಹುಳ ಸ್ಪಿರಿಟ್ ಬಾಟ್ಲಿಗೆ ಹಾಕಿ ಕೊಟ್ಟು ಬಂದೀನಿ, ವರದಿ ಬರಬೇಕು.

ಪಾಕ ಮಾಡೋದು ಹೆಂಗ ಅಂತ ಒಮ್ಮಿ ಸರಿಯಾಗಿ ಹೇಳ್ರಿ. ನಮ್ಮ ಮನ್ಯಾಗ ನಿಂಬಿಹಣ್ಣು ಹಿಂಡಿ ಕುದಿಸಿದ್ರ ಹರಳು ಕಟ್ಟಂಗಿಲ್ಲ ಅಂತಾರ.

ಕೀಟಶಾಸ್ತ್ರ_ರಾಯಚೂರು

ನಿಂಬೆ ಬೇಡ, ಕುದಿಸೋದೂ ಬೇಡ. ಹುಳಿ ಹಾಕಿ ಸಕ್ಕರೆ ಕುದಿಸಿದ್ರೆ ಎಚ್‌ಎಂಎಫ್ ಅನ್ನೋ ವಸ್ತು ಹುಟ್ತದ, ಜೇನು ಜಾಸ್ತಿ ಕಾಸಿದಾಗಲೂ ಅದೇ ಹುಟ್ಟೋದು, ಮನುಷ್ಯರಿಗೆ ಅಷ್ಟು ಏನಿಲ್ಲ ಆದ್ರೆ ಹುಳಕ್ಕೆ ಅದು ವಿಷ. ನೀರು ಕಾಯಿಸಿ ಒಲೆ ಆರಿಸಿ, ಎರಡು ಕೇಜಿ ಸಕ್ಕರೆಗೆ ಒಂದು ಲೀಟರ್ ಲೆಕ್ಕ, ಕರಗೋ ತನಕ ತಿರುವಿ ತಣ್ಣಗಾದ ಮೇಲೆ ಇಡ್ರಿ. ಅಡಿ ಹಿಡಿದು ಕಂದು ಆದ ಪಾಕ ಕೊಡಬೇಡ್ರಿ. ಫೀಡರ್ ಪೆಟ್ಟಿಗೆ ಒಳಗೇ ಇರ್ಲಿ, ಮುಳುಗದಂಗೆ ಮೇಲೆ ನಾಕು ಕಡ್ಡಿ ತೇಲಿ ಬಿಡ್ರಿ, ಒಂದು ರಾತ್ರಿಗೆ ಮುಗಿಯೋವಷ್ಟೇ ಇಡ್ರಿ, ಉಳಿದದ್ದು ಮುಂಜಾನೆ ತೆಗೀರಿ. ಪೆಟ್ಟಿಗೆ ಸ್ವಲ್ಪ ಮುಂದಕ್ಕೆ ಬಾಗಿರ್ಲಿ, ಮಳೆ ನೀರು ಒಳಗೆ ನಿಲ್ಲದಂಗೆ. ನಾಲ್ಕನೇ ಪೆಟ್ಟಿಗೆ ಫ್ರೇಮ್ ಬೇರೆ ಪೆಟ್ಟಿಗೆಗೆ ಹಾಕಲೇಬೇಡ್ರಿ, ಅದನ್ನ ಮುಟ್ಟಿದ ಕೈ, ಚಾಕು ತೊಳೆದೇ ಮುಂದಿನದಕ್ಕೆ ಹೋಗ್ರಿ.

ಇನ್ನೊಂದು, ಹಸ್ತ ಬಹಾರದ ಹೂವು ಬರೋದ್ರೊಳಗೆ ಸಕ್ಕರೆ ನಿಲ್ಲಿಸ್ರಿ, ಸೂಪರ್ ಇಟ್ಟ ಮೇಲೆ ಪಾಕ ಕೊಟ್ರೆ ಅದೇ ಸಕ್ಕರೆ ನಿಮ್ಮ ಜೇನಿಗೆ ಬರ್ತದ, ಕೊಂಡವರಿಗೆ ಮೋಸ ಆಗ್ತದ.

ಕುಷ್ಟಗಿ_ದಾಳಿಂಬ್ರಿ

ಶುಕ್ರವಾರ ಬಿಸಲು ಬಿತ್ರಿ! ಹತ್ತೂವರಿಗೆ ಮೋಡ ಸರದು ಬಿಸಲು ಹಲಗಿ ಮ್ಯಾಲ ಬಿದ್ದ ಹತ್ತು ನಿಮಿಷದಾಗ ಎಲ್ಲಾ ಪೆಟ್ಟಿಗಿಂದ ಹುಳ ಒಮ್ಮಿಗೇ ಹೊರಗ ಬಂದ್ವು, ನನಗ ಮೊದಲ ಹಾರಿ ಹೊಂಟ್ವೇನೋ ಅಂತ ಎದಿ ಧಸಕ್ ಅಂತು. ದೂರ ಹೋಗಲಿಲ್ಲ, ಬೇವಿನ ಗಿಡದ ಸುತ್ತ ಸುತ್ತಿ ಸುತ್ತಿ ತಿರುಗಿ ಬಂದ್ವು. ಒಂಬತ್ತು ದಿನದಿಂದ ಒಣಗದಿದ್ದ ಬಟ್ಟಿ ನಮ್ಮಾಕಿ ಅದ ಹೊತ್ತಿಗೆ ತಂತಿಗೆ ಹಾಕಿದ್ಲು, ಬಿಳಿ ಧೋತರದ ಮ್ಯಾಲ ಎಣಸಿದ್ರ ಎಣಿಸಲಾರದಷ್ಟು ಹಳದಿ ಚುಕ್ಕಿ. ಮ್ಯಾನಿಟೋಬಾ ಅಣ್ಣ ಹೇಳಿದ ಹಿಮ ನಾ ನೋಡಿಲ್ಲ, ಆ ಧೋತರ ನೋಡೀನಿ. ಆಕೀಗೂ ಏನಂತ ತಿಳಿಸಿ ಹೇಳಿದೆ, ಸುಮ್ನ ಮತ್ತೊಮ್ಮಿ ಒಗದು ಹಾಕಿದ್ಲು.

ಎರಡು ಪೆಟ್ಟಿಗಿ ಹೋದ್ವು. ಒಂಬತ್ತು ಉಳದಾವ. ನಾಕನೇದರದ್ದು ವರದಿ ಬಂತು, ನೋಸೆಮಾ ಬೀಜಾಣು ಅದಾವ ಆದ್ರ ಕಡಿಮಿ ಅಂದ್ರು, ಅದನ್ನ ಬ್ಯಾರೆ ಬದುವಿಗೆ ಒಯ್ದಿಟ್ಟೀನಿ. ನಿನ್ನೆ ಅದರ ನಡುವಿನ ಫ್ರೇಮ್ ಬಿಸಲಿಗೆ ಹಿಡದು ನೋಡಿದ್ರ ಕಣ್ಣಿನ ತಳಕ್ಕ ನೆಟ್ಟಗ ನಿಂತ ಹೊಸ ತತ್ತಿ, ರಾಣಿ ಇಡಾಕ ಸುರು ಮಾಡ್ಯಾಳ. ಹನ್ನೆರಡು ಕೇಜಿ ಸಕ್ಕರಿ ಇಲ್ಲೀತನಕ ಹೋಗೈತಿ, ಪಾಕ ಅಂಗಳದಾಗಿನ ಕೊಡದ ನೀರಿನಷ್ಟು ತಿಳಿ ಐತಿ, ಹಲಗಿ ಮ್ಯಾಲ ಹೊಸಾ ಕಲಿ ಒಂದೂ ಬಿದ್ದಿಲ್ಲ.

ಒಂದ ಕೇಳೋದು ಉಳದೈತಿ, ಆ ಬೆಲ್ಲದ ಹದಿನಾಕು ಫ್ರೇಮ್ ಮನ್ಯಾಗ ಅದಾವ, ಹುಟ್ಟು ಚಲೋ ಕಟ್ಟ್ಯಾವ, ಮುಂದ ಕೊಡಬೋದಾ?

ಎಡದಂಡಿ_ಸಿಂಧನೂರು

ಕೊಡಬ್ಯಾಡ, ಭೇದಿ ಆದ ಪೆಟ್ಟಿಗಿ ಹುಟ್ಟು ಅದು. ಕುದಿನೀರಿಗೆ ಹಾಕಿ ಮೇಣ ಸೋಸಿಕೋ, ಫ್ರೇಮಿನ ಕಟಗಿ ಸೋಡಾ ನೀರಾಗ ತಿಕ್ಕಿ ಮೂರು ದಿನ ಬಿಸಲಿಗೆ ಇಡು. ಈಗ ಹಂಗ ಇಟ್ರ ಮೇಣದ ಹುಳ ತಿಂದು ಜಾಡು ಕಟ್ತೈತಿ, ನಾಳಿನ ಮಾಡು. ಮತ್ತ ಹಸ್ತ ಬಹಾರ ಮುಗದ ಮ್ಯಾಲ ಜೇನು ತೆಗಿಯೋ ಮುಂದ ನನಗೊಂದು ಮೆಸೇಜ್ ಹಾಕು, ಯಾವ ಮೂರು ಫ್ರೇಮ್ ಬಿಡಬೇಕು ಅಂತ ವಿಡಿಯೋ ಕಾಲ್‌ನಾಗ ನೋಡಿ ಹೇಳ್ತೀನಿ.